ಅರ್ಧ ಲೀಟರ್ ಹಾಲಿನ ತೂಕ

ಕೇಳುಗರೇ, ನಮಸ್ಕಾರ.

ಪಿಸ್ತೂಲು ಅಂದ ಕೂಡಲೇ ನಿಮಗೆ ಸಿನಿಮಾದ ಖಳನಾಯಕ ನೆನಪಾಗುತ್ತಾನೆ, ಅಲ್ವಾ? ನನಗೆ ನೆನಪಾಗುವುದು ಅರ್ಧ ಲೀಟರಿನ ಹಾಲಿನ ಪ್ಯಾಕೆಟ್.

ನಾನು ಹತ್ತು ಮೀಟರ್ ಏರ್ ಪಿಸ್ತೂಲಿನವನು. ಅಂದರೆ ಹತ್ತು ಮೀಟರ್ ದೂರದ ಗುರಿಗೆ, ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಗುಂಡು ಹೊಡೆಯುವ ಆಟ. ಸ್ಪರ್ಧೆಗೆ ಮುಂಚೆ ನಮ್ಮ ಪಿಸ್ತೂಲುಗಳ ತಪಾಸಣೆ ನಡೆಯುತ್ತದೆ. ನಳಿಗೆಯನ್ನು ಮೇಲಕ್ಕೆ ಮಾಡಿ, 500 ಗ್ರಾಂ ತೂಕದ ಕಲ್ಲನ್ನು ಟ್ರಿಗರ್‌ಗೆ ಸಿಕ್ಕಿಸಿ ಎತ್ತುತ್ತಾರೆ. ಕಲ್ಲು ಮೇಲೇಳುವ ಮೊದಲೇ ಟ್ರಿಗರ್ ಬಿಟ್ಟುಕೊಟ್ಟರೆ ಆ ಪಿಸ್ತೂಲು ಆಟಕ್ಕಿಲ್ಲ. ಅರ್ಧ ಕೆ.ಜಿ. ಅಂದರೆ ಹೆಚ್ಚುಕಡಿಮೆ ಒಂದು ಹಾಲಿನ ಪ್ಯಾಕೆಟ್. ಒಂದೇ ಬೆರಳಿನ ತುದಿಯಲ್ಲಿ ಅಷ್ಟು ಭಾರ ಎಳೆಯಬೇಕು, ಉಳಿದ ಕೈ ಅಲುಗಬಾರದು. ಗುರಿಯ ನಟ್ಟನಡುವಿನ ಹತ್ತು ಅಂಕದ ವೃತ್ತ ಎಷ್ಟು ದೊಡ್ಡದು ಗೊತ್ತಾ? 11.5 ಮಿಲಿಮೀಟರ್. ನಿಮ್ಮ ಅಂಗಿಯ ಗುಂಡಿ ನೋಡಿಕೊಳ್ಳಿ, ಸುಮಾರು ಅಷ್ಟೇ. 75 ನಿಮಿಷದಲ್ಲಿ 60 ಸಲ ಅದಕ್ಕೆ ಹೊಡೆಯಬೇಕು. ಅದೂ ಒಂದೇ ಕೈಯಲ್ಲಿ.

ನನ್ನ ಪಿಸ್ತೂಲಿನ ಮರದ ಹಿಡಿಯನ್ನು ನಾನೇ ಅರದಿಂದ ಉಜ್ಜಿದ್ದೇನೆ. ಎಲ್ಲೋ ಸಡಿಲ ಅನ್ನಿಸಿದರೆ ಬಡಗಿಗಳು ಬಳಸುವ ಪುಟ್ಟಿ ಹಚ್ಚುತ್ತೇನೆ, ಮತ್ತೆ ಉಜ್ಜುತ್ತೇನೆ. ಆರು ವರ್ಷದಿಂದ ಇದೇ ಕೆಲಸ. ನೋಡಲು ಕುರೂಪ. ಬೇರೆಯವರು ಹಿಡಿದರೆ, ಯಾರದೋ ಸವೆದ ಚಪ್ಪಲಿ ಮೆಟ್ಟಿದ ಹಾಗೆ ಮುಖ ಮಾಡುತ್ತಾರೆ.

ಆದರೂ ನನ್ನ ಮನಸ್ಸು ಕದ್ದದ್ದು ಇದಲ್ಲ. ಐವತ್ತು ಮೀಟರಿನ .22 ಪಿಸ್ತೂಲು (.22 ಅಂದರೆ ಇಂಚಿನಲ್ಲಿ ಗುಂಡಿನ ಅಳತೆ). ಅದಕ್ಕೆ ತೂಕದ ಕಲ್ಲಿನ ಪರೀಕ್ಷೆಯೇ ಇಲ್ಲ. ಟ್ರಿಗರ್ ಎಷ್ಟು ಹಗುರವಾದರೂ ಇಟ್ಟುಕೊಳ್ಳಬಹುದು. ಬೆರಳು ತಾಗಿಸಿದೆ ಅನ್ನುವಷ್ಟರಲ್ಲಿ ಗುಂಡು ಹೋಗಿರುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿನಿಂದ ನರಳಿದ್ದರು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, ಆದರೆ ಅದು ನನ್ನ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ. ಐವತ್ತು ಮೀಟರ್ ಪಿಸ್ತೂಲನ್ನೋ, 2016ರ ರಿಯೋ ಆದ ಮೇಲೆ ಒಲಿಂಪಿಕ್ಸ್‌ನಿಂದಲೇ ತೆಗೆದುಬಿಟ್ಟರು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಇನ್ನು ವ್ಯಾಪಾರದ ಮಾತು. ನಮ್ಮ ದೇಶದಲ್ಲಿ ಪಿಸ್ತೂಲಿನ ಬೆಲೆಗೂ ಅದರ ಗುಣಕ್ಕೂ ಸಂಬಂಧ ಹುಡುಕಬೇಡಿ. 1980ರ ದಶಕದ ನಡುವೆ ಸರ್ಕಾರ ವಿದೇಶಿ ಬಂದೂಕುಗಳ ಆಮದಿಗೆ ಬಾಗಿಲು ಹಾಕಿತು. ಹೆಸರು ಮಾಡಿದ ಶೂಟರ್‌ಗಳಿಗೆ ಮಾತ್ರ ಕಿಟಕಿ ತೆರೆದಿತ್ತು. ಅಷ್ಟರೊಳಗೆ ದೇಶಕ್ಕೆ ಬಂದಿದ್ದ ವೆಬ್ಲಿ, ವಾಲ್ಥರ್‌ಗಳೆಲ್ಲ ಜಮೀನಿನ ಹಾಗೆ ಆದವು. ಹೊಸದು ಹುಟ್ಟುವುದಿಲ್ಲ, ಇದ್ದದ್ದಕ್ಕೆ ಬೆಲೆ ಏರುತ್ತದೆ. ಹೊರಗೆ ಹಳೇ ಸಾಮಾನು ಅನ್ನಿಸಿಕೊಳ್ಳುವ ರಿವಾಲ್ವರ್ ಇಲ್ಲಿ ಲಕ್ಷಗಟ್ಟಲೆ.

ನಮ್ಮಲ್ಲೇ ಮಾಡಿದ್ದೂ ಇದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ‘ನಿರ್ಭೀಕ್’ ಬಂತು. ಹೆಂಗಸರಿಗೆ ಅಂತ ಮಾಡಿದ .32 ರಿವಾಲ್ವರ್. ಒಡವೆ ಪೆಟ್ಟಿಗೆಯಂಥದ್ದರಲ್ಲಿ ಇಟ್ಟು ಕೊಡುತ್ತಿದ್ದರು. ಬೆಲೆ ಸುಮಾರು ಒಂದೂಕಾಲು ಲಕ್ಷ. ಇಡೀ ರಿವಾಲ್ವರಿನ ತೂಕ 500 ಗ್ರಾಂ. ನೋಡಿ, ಮತ್ತೆ ಹಾಲಿನ ಪ್ಯಾಕೆಟ್! ಹೆಂಗಸರ ಭಯಕ್ಕೆ ಒಡವೆ ಪೆಟ್ಟಿಗೆ ಹೊಂದಿಸಿ ಮಾರುವುದು ನನಗಂತೂ ಹಿಡಿಸಲಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರು ಮೂರರ ಬದಲು ಎರಡೇ ಬಂದೂಕು ಇಟ್ಟುಕೊಳ್ಳಬಹುದು. ಸ್ಪರ್ಧೆಗೆ ಹೋಗುವ ಶೂಟರ್‌ಗಳಿಗೆ ಬೇರೆ ಲೆಕ್ಕ. ಹೀಗಾಗಿ ನನಗೆ ಪರಿಚಯವಿರುವ ಅಂಗಡಿಯಲ್ಲಿ ಮಾರಾಟಕ್ಕಿಂತ ಕಾವಲಿನ ಕೆಲಸ ಜಾಸ್ತಿ. ಚುನಾವಣೆ ಘೋಷಣೆಯಾದರೆ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲೋ ಅಂಗಡಿಯಲ್ಲೋ ಒಪ್ಪಿಸಿ ರಸೀದಿ ಪಡೆಯಬೇಕಲ್ಲ. ಯಜಮಾನ ತೀರಿಕೊಂಡು, ಮಕ್ಕಳ ಲೈಸೆನ್ಸ್ ಇನ್ನೂ ಆಗದೆ ಉಳಿದವೂ ಅಲ್ಲೇ ಇರುತ್ತವೆ. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ.

ಹೋದ ತಿಂಗಳು ಅಲ್ಲಿಗೆ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಪುಟ್ಟ ಗುಂಡು, ಕೊಳ್ಳಲು ಹೋಗಿದ್ದೆ. ಚೀಟಿ ಕಟ್ಟಿದ ಒಂದು ಹಳೇ ವೆಬ್ಲಿ ರಿವಾಲ್ವರ್ ಗಾಜಿನ ಹಿಂದೆ ಇತ್ತು. ಸುಮ್ನೆ ನೋಡ್ತೀನಿ ಅಂದೆ. ಅಂಗಡಿಯವರು ಅದರ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ತೆರೆದರು, ಆರೂ ಗೂಡು ಖಾಲಿ ಅಂತ ಬೆಳಕಿಗೆ ಹಿಡಿದು ತೋರಿಸಿದರು. ಆಮೇಲೆ ನನ್ನ ಕೈಗಿಟ್ಟರು. ಗೋಡೆಯ ಕಡೆ ಹಿಡಿದು ಟ್ರಿಗರ್ ಎಳೆದೆ. ಬರಲೇ ಇಲ್ಲ. ಹಲ್ಲು ಕಚ್ಚಿ ಎಳೆದಾಗ ‘ಟಕ್’ ಅಂತು. ಅಷ್ಟರಲ್ಲಿ ನಳಿಗೆ ಗೋಡೆಯ ಕ್ಯಾಲೆಂಡರಿನಿಂದ ಗಡಿಯಾರಕ್ಕೆ ಹೋಗಿತ್ತು.

“ಎಷ್ಟು ಲೀಟರ್ ಸಾರ್?” ಅಂತ ಅಂಗಡಿಯವರು ನಕ್ಕರು. ನನ್ನ ಹಾಲಿನ ಲೆಕ್ಕ ಅವರಿಗೂ ಗೊತ್ತು.

“ಐದು,” ಅಂದೆ. ಪೆಲೆಟ್ ಡಬ್ಬಿ ತಗೊಂಡು ಮನೆಗೆ ಬಂದೆ.