ಇಂದ್ರನೀಲ ಅಲ್ಲ, ಇದು ಬೆನಿಟೊಯೈಟ್
ಇದು ಮಂಗಳೂರಿನ ಭವಂತಿ ಸ್ಟ್ರೀಟ್. ಎರಡೂ ಕಡೆ ಚಿನ್ನದ ಅಂಗಡಿಗಳು. ಇಲ್ಲಿ ನೀಲಿ ಕಲ್ಲು ಕೇಳಿದರೆ ಮೊದಲು ಬರುವುದು ಇಂದ್ರನೀಲವೇ. ಶನಿಗೆ ಆಗುವ ಕಲ್ಲು, ನವರತ್ನದ ಉಂಗುರದ ಕಲ್ಲು. ಆದರೆ ನನಗೆ ತುಂಬಾ ಇಷ್ಟದ ನೀಲಿ ಕಲ್ಲು ಬೇರೆಯೇ ಉಂಟು. ಹೆಸರು ಬೆನಿಟೊಯೈಟ್.

1907ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯ ಬೆಟ್ಟಗಳಲ್ಲಿ ಇದು ಸಿಕ್ಕಿತು. ಮೊದಲಿಗೆ ಇದನ್ನೂ ಇಂದ್ರನೀಲ ಎಂದೇ ಅಂದುಕೊಂಡಿದ್ದರು. ಜಾರ್ಜ್ ಲೌಡರ್‌ಬ್ಯಾಕ್ ಎಂಬ ಭೂವಿಜ್ಞಾನಿ ಪರೀಕ್ಷಿಸಿ, ಇದು ಹೊಸ ಖನಿಜ ಎಂದು ತೋರಿಸಿದರು. ನೀಲ ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಇದರಲ್ಲಿರುವುದು ಬೇರಿಯಂ, ಟೈಟೇನಿಯಂ, ಸಿಲಿಕಾನ್ ಮತ್ತು ಆಮ್ಲಜನಕ. ಆಭರಣಕ್ಕೆ ಆಗುವಂಥ ಹರಳು ಬಂದದ್ದು ಹೆಚ್ಚುಕಮ್ಮಿ ಆ ಒಂದೇ ಜಾಗದಿಂದ.

ಈಗ ಇಲ್ಲಿಯ ಅಕ್ಕಸಾಲಿ ಆಚಾರ್ರ ಕೈ ನೋಡಿ. ಕಲ್ಲನ್ನು ಬೆಳಕಿಗೆ ಹಿಡಿದು ಎಲ್ಲ ಕಡೆ ತಿರುಗಿಸುತ್ತಿದ್ದಾರೆ. ಬೆನಿಟೊಯೈಟನ್ನು ಹೀಗೆ ತಿರುಗಿಸಿದರೆ ಬಣ್ಣವೇ ಬದಲಾಗುತ್ತದೆ! ಇದರ ಹರಳು ಸಾಮಾನ್ಯವಾಗಿ ಮೂರು ಮೂಲೆಯ ಬರ್ಫಿ ತುಂಡಿನ ಹಾಗೆ ಚಪ್ಪಟೆ. ಅಗಲದ ಮುಖದಿಂದ ನೇರ ನೋಡಿದರೆ ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ತಿಳಿ. ಅಂಚಿನ ಕಡೆಯಿಂದ ನೋಡಿದರೆ ಗಾಢ ನೀಲಿ. ಕಲ್ಲು ಕತ್ತರಿಸುವವರಿಗೆ ಇಲ್ಲೇ ಕಷ್ಟ. ಚಪ್ಪಟೆ ಮುಖವನ್ನೇ ಮೇಲೆ ಇಟ್ಟರೆ ದೊಡ್ಡ ಕಲ್ಲು ಬರುತ್ತದೆ, ಬಣ್ಣ ಹೋಗುತ್ತದೆ. ಬಣ್ಣ ಬೇಕೆಂದರೆ ಅಂಚನ್ನು ಮೇಲೆ ತರಬೇಕು, ಆಗ ಕಲ್ಲು ಸಣ್ಣದಾಗುತ್ತದೆ. ಕತ್ತರಿಸಿದ ಹೆಚ್ಚಿನ ಕಲ್ಲುಗಳು ಒಂದು ಕ್ಯಾರೆಟ್‌ಗಿಂತ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ನಾನಾದರೆ ಬಣ್ಣವನ್ನೇ ಆರಿಸುತ್ತೇನೆ.

ಹೊಳಪಿನಲ್ಲಿ ಇದು ನೀಲವನ್ನು ಮೀರಿಸುತ್ತದೆ. ಬಿಳಿ ಬೆಳಕನ್ನು ಏಳು ಬಣ್ಣವಾಗಿ ಒಡೆಯುವ ಶಕ್ತಿ ವಜ್ರದಲ್ಲಿ 0.044. ಬೆನಿಟೊಯೈಟ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ. ನೀಲದಲ್ಲಿ ಬರೀ 0.018. ಶಾರ್ಟ್‌ವೇವ್ ಯುವಿ (ನೇರಳಾತೀತ) ದೀಪ ಹಿಡಿದರೆ ಇನ್ನೂ ಚೆಂದ, ಕಲ್ಲಿಡೀ ನೀಲಿಯಾಗಿ ಬೆಳಗುತ್ತದೆ. ಗುರುತು ಹಿಡಿಯಲು ಇದು ಸುಲಭದ ದಾರಿ.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಆಕಾರದ ಸಮ್ಮಿತಿಯ ಪ್ರಕಾರ ಹರಳುಗಳಲ್ಲಿ 32 ವರ್ಗಗಳು ಸಾಧ್ಯ ಎಂದು 1830ರಲ್ಲೇ ಹೆಸೆಲ್ ಎಂಬ ಜರ್ಮನ್ ವಿಜ್ಞಾನಿ ಲೆಕ್ಕ ಹಾಕಿದ್ದರು. ಅದರಲ್ಲಿ ಒಂದು ವರ್ಗಕ್ಕೆ ಸೇರಿದ ಖನಿಜ ಆಗ ಯಾರ ಕೈಗೂ ಸಿಕ್ಕಿರಲಿಲ್ಲ. ಮೊದಲು ಸಿಕ್ಕಿದ್ದೇ ಬೆನಿಟೊಯೈಟ್! ಲೆಕ್ಕ ಮೊದಲು, ಕಲ್ಲು ಆಮೇಲೆ. ಎಂಥ ವಿಷಯ ಅಲ್ವಾ?

ಆದರೆ ದಿನಾ ಹಾಕುವ ಉಂಗುರಕ್ಕೆ ಇದು ಬೇಡ. ಮೋಸ್ ಅಳತೆಯಲ್ಲಿ (1ರಿಂದ 10, ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ) ಇದರ ಗಡಸುತನ 6ರಿಂದ 6.5, ನೀಲದ್ದು 9. ಮರಳಿನಲ್ಲಿರುವ ಕ್ವಾರ್ಟ್ಸ್‌ನದ್ದು 7. ಪಣಂಬೂರು ಬೀಚಿನ ಮರಳಲ್ಲಿ ಸುಮ್ನೆ ಕೈಯಾಡಿಸಿದರೂ ಗೀರು ಬೀಳಬಹುದು. ಕಿವಿಯೋಲೆಗೋ ಪದಕಕ್ಕೋ ಕೂರಿಸಿದರೆ ಒಳ್ಳೆಯದು.