ಅಕ್ವಿಲೇಯಾ: ಕಾಲಡಿಯ ಕಡಲು

ಈಗ ನೀವು ನೋಡುತ್ತಿರುವುದು ಇಟಲಿಯ ಈಶಾನ್ಯ ಭಾಗದಲ್ಲಿರುವ ಅಕ್ವಿಲೇಯಾ ಎಂಬ ಪುಟ್ಟ ಊರಿನ ಬಸಿಲಿಕಾದ, ಅಂದರೆ ದೊಡ್ಡ ಚರ್ಚಿನ, ಒಳಾಂಗಣವನ್ನು. ನಾನು ನಡೆಯುತ್ತಿರುವುದು ಗಾಜಿನ ಕಾಲುದಾರಿಯ ಮೇಲೆ; ಅದರ ಕೆಳಗಿದೆ, ಬಣ್ಣಬಣ್ಣದ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಜೋಡಿಸಿ ಮಾಡಿದ, ಸುಮಾರು 1,700 ವರ್ಷ ಹಳೆಯ ಮೊಸಾಯಿಕ್ ನೆಲ. 313ರಲ್ಲಿ ರೋಮನ್ ಸಾಮ್ರಾಜ್ಯದ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಸ್ವಾತಂತ್ರ್ಯ ದೊರೆತ ಕೆಲವೇ ವರ್ಷಗಳಲ್ಲಿ ಬಿಷಪ್ ಥಿಯೊಡೋರ್ ಇದನ್ನು ಹಾಕಿಸಿದರು. ಮಧ್ಯಯುಗದಲ್ಲಿ ಇದರ ಮೇಲೆ ಬೇರೆ ನೆಲ ಹಾಸಿದ್ದರಿಂದ ಶತಮಾನಗಳ ಕಾಲ ಮರೆಯಾಗಿದ್ದು, ಮತ್ತೆ ಬೆಳಕು ಕಂಡಿದ್ದು 20ನೇ ಶತಮಾನದ ಆರಂಭದಲ್ಲಿ.

ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದ ನನಗೆ, ದೇವರ ಕಥೆಯನ್ನು ತುಳಿಯುವ ಜಾಗದಲ್ಲಿ ಏಕೆ ಬಿಡಿಸಿದರೆಂಬ ಪ್ರಶ್ನೆ ಮೊದಲ ಹೆಜ್ಜೆಗೇ ಎದುರಾಯಿತು. ಆದರೆ ಇಲ್ಲಿ ಶಿಲುಬೆಗೇರಿದ ಯೇಸುವಿಲ್ಲ. ಹೆಗಲ ಮೇಲೆ ಕುರಿ ಹೊತ್ತ, ಗಡ್ಡವಿಲ್ಲದ ಒಬ್ಬ ಯುವಕನಿದ್ದಾನೆ. ಅರಿತವರಿಗೆ ಅವನು 'ಒಳ್ಳೆಯ ಕುರುಬ'ನಾದ ಕ್ರಿಸ್ತ, ಉಳಿದವರಿಗೆ ರೋಮನ್ ಕಲೆಯಲ್ಲಿ ಮೊದಲಿನಿಂದಲೂ ಕಂಡ ಕುರಿಗಾಹಿ. ಸ್ವಲ್ಪ ಆಚೆ ಹುಂಜವೊಂದು ಆಮೆಯೊಡನೆ ಕಾಳಗಕ್ಕೆ ನಿಂತಿದೆ. ಬೆಳಗನ್ನು ಕೂಗುವ ಹುಂಜವನ್ನು ಬೆಳಕೆಂದೂ, ಚಿಪ್ಪಿನೊಳಗೆ ಹುದುಗುವ ಆಮೆಯನ್ನು ಕತ್ತಲೆಂದೂ ಸಾಮಾನ್ಯವಾಗಿ ಅರ್ಥೈಸುತ್ತಾರೆ. ಆಮೆಯ ಮೇಲೆ ಇಷ್ಟೊಂದು ಹಗೆ ಏಕೋ ಎಂದು ನನಗಂತೂ ಅನ್ನಿಸಿತು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಪೂರ್ವ ತುದಿಯ ಈ ಕಡಲು. ಬಗೆಬಗೆಯ ಮೀನುಗಳ ನಡುವೆ ರೆಕ್ಕೆಯುಳ್ಳ ಪುಟಾಣಿಗಳು ದೋಣಿಯಲ್ಲಿ ಕುಳಿತು ಗಾಳ ಹಾಕುತ್ತಿದ್ದಾರೆ. ಅದೇ ನೀರಿನಲ್ಲಿ ಬೈಬಲ್ ಕಥೆಯ ಪ್ರವಾದಿ ಯೋನನನ್ನು ಹಡಗಿನಿಂದ ಎಸೆಯಲಾಗುತ್ತಿದೆ, ಸುರುಳಿ ಬಾಲದ ಸಮುದ್ರಪ್ರಾಣಿ ಅವನನ್ನು ನುಂಗಿ ಮತ್ತೆ ಉಗುಳುತ್ತಿದೆ, ಕೊನೆಗೆ ಅವನು ಸೋರೆ ಬಳ್ಳಿಯ ಚಪ್ಪರದಡಿ ಮೈಚಾಚಿ ವಿಶ್ರಮಿಸುತ್ತಿದ್ದಾನೆ. ಮೀನಿನ ಹೊಟ್ಟೆಯಲ್ಲಿ ಯೋನ ಕಳೆದ ಮೂರು ದಿನಗಳನ್ನು ಮತ್ತಾಯನ ಸುವಾರ್ತೆಯು ಯೇಸು ಭೂಗರ್ಭದಲ್ಲಿ ಇರಲಿದ್ದ ಕಾಲಕ್ಕೆ ಹೋಲಿಸುತ್ತದೆ. ಹೀಗಾಗಿ ಯೇಸುವಿನ ಪುನರುತ್ಥಾನವನ್ನು, ಅಂದರೆ ಸತ್ತು ಮತ್ತೆ ಎದ್ದುಬಂದದ್ದನ್ನು, ಎಲ್ಲಿಯೂ ಚಿತ್ರಿಸದೆ ಹೇಳಿದಂತಾಗಿದೆ. ತುಳಿದರೂ ಅಪಚಾರವೆನಿಸದ ಜಾಣ ದಾರಿಯಿದು ಎಂಬುದು ನನ್ನ ಊಹೆ.

ಆದರೆ ಈ ಕಡಲಿನ ನಡುವೆಯೇ ಥಿಯೊಡೋರರನ್ನು ಹೊಗಳುವ ದುಂಡನೆಯ ಶಾಸನವಿದ್ದು, ಅದರ ನೆತ್ತಿಯಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳನ್ನು ಹೆಣೆದ ಲಾಂಛನವಿದೆ. ಕ್ರಿಸ್ತನ ಚಿಹ್ನೆಯನ್ನು ನೆಲದ ಮೇಲೆ ಕೆತ್ತಬಾರದು, ಬಿಡಿಸಬಾರದು, ಇದ್ದರೆ ತೆಗೆದುಹಾಕಬೇಕು ಎಂದು ಚಕ್ರವರ್ತಿ ಎರಡನೇ ಥಿಯೊಡೋಸಿಯಸ್ 427ರಲ್ಲಿ ಕಾನೂನನ್ನೇ ಹೊರಡಿಸಿದ. ಇಲ್ಲಿ ಅದನ್ನು ಯಾರೂ ಕಿತ್ತಿಲ್ಲ. ಗಾಜಿನ ದಾರಿಯ ಅಂಚಿನಿಂದ ಬಾಗಿದರೆ, ಇಗೋ, ಕಾಣುತ್ತದೆ.