ಹಸಿ ತೂಕ, ಒಣ ತೂಕ

ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವ ಮೈಸೂರು ಅರಮನೆಯ ಆಯಸ್ಕಾಂತ ಇದು. ಕಾರಿನ ಬಾಗಿಲಿಗೆ ಹಿಡಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಈಗ ಬಾನೆಟ್ಟಿಗೆ ಹಿಡಿಯುತ್ತೇನೆ, ನೋಡಿ. ಜಾರಿ ಬಿತ್ತು. ಬಾಗಿಲು ಉಕ್ಕಿನದು, ಬಾನೆಟ್ಟು ಅಲ್ಯೂಮಿನಿಯಂನದು. ಅಂದರೆ ಈ ಕಾರಿನ ತೂಕ ಇಳಿಸುವ ಕೆಲಸವನ್ನು ನನಗಿಂತ ಮೂವತ್ತೈದು ವರ್ಷ ಮೊದಲೇ ಯಾರೋ ಶುರು ಮಾಡಿದ್ದಾರೆ.

ಕಾರು 1990ರ ಮಾಜ್ದಾ ಎಂಎಕ್ಸ್-5. ಇಲ್ಲಿ ಅಮೆರಿಕದಲ್ಲಿ ಇದನ್ನು ಮಿಯಾಟಾ ಎನ್ನುತ್ತಾರೆ. 1989ರ ಫೆಬ್ರುವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪುಟ್ಟ ಕಾರು: ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ. ಅಶ್ವಶಕ್ತಿ ಕೇಳಿ ಯಾರೂ ಮೂರ್ಛೆ ಹೋಗುವುದಿಲ್ಲ. ಇದರ ಸೊಗಸೆಲ್ಲ ಹಗುರ ಮೈಯಲ್ಲಿದೆ. ಎಂಜಿನಿಯರ್ ತೋಶಿಹಿಕೊ ಹಿರಾಯ್ ಅವರ ತಂಡ ಅರವತ್ತರ ದಶಕದ ಲೋಟಸ್ ಎಲಾನ್‌ನಂಥ ಬ್ರಿಟಿಷ್ ಕಾರುಗಳನ್ನು ಕಣ್ಣಮುಂದೆ ಇಟ್ಟುಕೊಂಡು, ಬಿಡಿಭಾಗ ಬಿಡಿಭಾಗದಲ್ಲೂ ಗ್ರಾಂ ಲೆಕ್ಕದಲ್ಲಿ ಜಿಪುಣತನ ಮಾಡಿತ್ತು. ಇಂಥ ಜಿಪುಣರ ಕೈಯಿಂದ ಬಂದ ಕಾರಿನಲ್ಲಿ ಇನ್ನೂ ಏನು ತೆಗೆಯಬಹುದು? ಈ ಚಳಿಗಾಲಕ್ಕೆ ನಾನು ಹಾಕಿಕೊಂಡ ಪ್ರಶ್ನೆ ಅದು.

ಚಳಿಗಾಲಕ್ಕೇ ಏಕೆ ಎಂದರೆ, ಮಿಶಿಗನ್ನಿನಲ್ಲಿ ಹಿಮ ಬಿದ್ದ ಮೇಲೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೆಯ ಉಕ್ಕಿನ ಕಾರನ್ನು ಆ ಉಪ್ಪಿಗೆ ಇಳಿಸಿದರೆ ತೂಕ ಇಳಿಯುತ್ತದೆ, ನಿಜ, ಆದರೆ ತುಕ್ಕಿನ ರೂಪದಲ್ಲಿ. ಹಾಗಾಗಿ ಐದು ತಿಂಗಳು ಅದು ಗ್ಯಾರೇಜಿನಲ್ಲೇ ಇರುತ್ತದೆ.

ಕೆಲಸ ಶುರು ಮಾಡುವ ಮುನ್ನ ತಿಪಟೂರಿನಲ್ಲಿರುವ ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ದುಡ್ಡು ಕೊಟ್ಟು ತಂದ ಕಾರನ್ನು ಬಿಚ್ಚಿ ಹಾಕುವುದು ಏತಕ್ಕೆಂದು ಅವರಿಗೆ ಅರ್ಥವಾಗಲಿಲ್ಲ. ಆದರೆ ತೂಕ ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ಕುಳಿತರು. "ಮೊದಲು ತೂಗು. ತೂಗದೆ ಒಂದು ಬೋಲ್ಟನ್ನೂ ಬಿಚ್ಚಬೇಡ. ಆಮೇಲೆ ಖಾಲಿ ಚೀಲದ ತೂಕ ಕಳೆ."

ಸರಿ ಎಂದು, ನವೆಂಬರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೆದ್ದಾರಿಯ ಲಾರಿ ತಂಗುದಾಣದ ವೇಬ್ರಿಡ್ಜಿಗೆ ಹೋದೆ. ಎರಡು ಭಾರೀ ಟ್ರೇಲರುಗಳ ನಡುವೆ ಸೊಂಟದೆತ್ತರದ ನನ್ನ ಕಾರು. ಚೀಟಿ ಬಂತು: ನಾನೂ ಸೇರಿ 2,340 ಪೌಂಡ್. ನನ್ನ 78 ಕೆ.ಜಿ.ಯನ್ನು ಕಳೆದರೆ ಕಾರು ಸುಮಾರು 983 ಕೆ.ಜಿ. ಒಂದು ವಿಷಯ ನೆನಪಿಡಿ, ಇಲ್ಲಿನ ಲಾರಿ ಕಾಟಾ 20 ಪೌಂಡಿನ ಹೆಜ್ಜೆಯಲ್ಲಷ್ಟೇ ತೋರಿಸುತ್ತದೆ. ಕಾರಿನಿಂದ ಕಳಚಿದ ಪ್ರತಿಯೊಂದನ್ನೂ ಬಚ್ಚಲುಮನೆಯ ತೂಕದ ಯಂತ್ರದ ಮೇಲಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಅದಕ್ಕೇ.

ಸುಲಭದ್ದು ಡಿಕ್ಕಿಯಲ್ಲಿತ್ತು. ಸ್ಟೆಪ್ನಿ, ಜಾಕ್, ಪಾನಾ ಎಲ್ಲ ಸೇರಿ 16 ಕೆ.ಜಿ. ಬದಲಿಗೆ ಒಂದೂವರೆ ಕೆ.ಜಿ.ಯ ಪಂಕ್ಚರ್ ಕಿಟ್ ಇಟ್ಟೆ. ಹಿಂದಿನ ಮಾಲೀಕರು ಬಿಟ್ಟುಹೋಗಿದ್ದ ಸರಪಣಿ, ಎಣ್ಣೆ ಡಬ್ಬಿ, ಯಾವ ಕಾರಿನದೋ ತಿಳಿಯದ ಒಂದು ಕಬ್ಬಿಣದ ತುಂಡು, ಇವು 4 ಕೆ.ಜಿ. ಹಾಡದ ರೇಡಿಯೊ ಮತ್ತು ಸ್ಪೀಕರುಗಳು 3. ಅಂದಹಾಗೆ, ಈ ಕಾರಿನ ಟ್ಯಾಂಕು 45 ಲೀಟರಿನದು. ತುಂಬಿದರೆ ಪೆಟ್ರೋಲೇ 33 ಕೆ.ಜಿ. ಅರ್ಧ ಟ್ಯಾಂಕಿನಲ್ಲಿ ಓಡಿಸಿದರೆ ಒಂದು ಸ್ಟೆಪ್ನಿಯಷ್ಟು ತೂಕ ಪುಕ್ಕಟೆಯಾಗಿ ಇಳಿಯುತ್ತದೆ. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಂಡಿಲ್ಲ.

ಈಗ ಕಾರ್ಪೆಟ್ಟು. ಸೀಟು ಬಿಚ್ಚಿ, ಕಾರ್ಪೆಟ್ಟನ್ನೂ ಅದರ ಅಡಿಯ ಸ್ಪಂಜನ್ನೂ ಸುರುಳಿ ಸುತ್ತಿ ತೂಗಿದರೆ ಹನ್ನೊಂದೂವರೆ ಕೆ.ಜಿ. ನನಗೆ ಲಾಟರಿ ಹೊಡೆದ ಸಂಭ್ರಮ. ಅಂದು ಸಂಜೆ ವಿಡಿಯೊ ಕರೆಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಒಣಗಿದ್ದೋ, ಹಸಿಯೋ?"

ತಿಪಟೂರಿನ ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಬಲ್ಲವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಲೊಟಲೊಟ ಎನ್ನಬೇಕು. ಆತುರಪಟ್ಟು ಹಸಿಯದನ್ನು ತಂದವನು ನೀರನ್ನು ಕೊಬ್ಬರಿಯ ಬೆಲೆಗೆ ಮಾರಲು ಬಂದವನು.

ಹೋಗಿ ಸ್ಪಂಜು ಹಿಂಡಿದೆ. ಕಂದು ನೀರು ಮೊಣಕೈವರೆಗೆ ಇಳಿಯಿತು. ಸೀಟುಗಳ ಹಿಂದೆ ಎರಡೂ ಬದಿಗೆ ಚಾವಣಿಯ ಮಳೆನೀರು ಹೊರಹೋಗುವ ಕೊಳವೆಗಳಿವೆ. ಒಂದರಲ್ಲಿ ಮೇಪಲ್ ಎಲೆಗಳು ಕೊಳೆತು ಬೆಣೆಯಂತೆ ಕೂತಿದ್ದವು. ನೀರು ಹೋಗಲು ದಾರಿ ಕಾಣದೆ ಒಳಗೆ ಬಂದಿದೆ. ಕಾರ್ಪೆಟ್ಟನ್ನು ಬಾಯ್ಲರಿನ ಪಕ್ಕ ನಾಲ್ಕು ದಿನ ನೇತುಹಾಕಿ ಮತ್ತೆ ತೂಗಿದೆ: ಆರೂವರೆ. ಐದು ಕೆ.ಜಿ. ಬರೀ ನೀರು! ಎಷ್ಟು ಮಳೆಗಾಲ ಅದನ್ನು ಹೊತ್ತು ತಿರುಗಿದ್ದೆನೋ. ನೋಟ್‌ಬುಕ್ಕಿನಲ್ಲಿ ಹನ್ನೊಂದೂವರೆಯನ್ನು ಹೊಡೆದುಹಾಕಿ ಐದು ಎಂದು ಬರೆದೆ. ಒಣಗಿದ ಕಾರ್ಪೆಟ್ಟು ವಾಪಸ್ ಕಾರಿಗೇ ಹೋಗುತ್ತದೆ. ಇದು ರೇಸಿನ ಕಾರಲ್ಲ, ಹೆಂಡತಿಯನ್ನು ಕೂರಿಸಿಕೊಂಡು ಕೆರೆ ದಂಡೆಗೆ ಹೋಗುವ ಕಾರು.

ಕಾರ್ಪೆಟ್ಟಿನ ಅಡಿಯಲ್ಲಿ, ಲೋಹದ ನೆಲಕ್ಕೆ ಅಂಟಿಸಿದ ಡಾಂಬರಿನಂಥ ದಪ್ಪ ಹಾಳೆಗಳಿವೆ, ಸದ್ದು ತಗ್ಗಿಸಲು. ಇವನ್ನು ಕೆರೆಯಹೊರಟರೆ ಜನ್ಮ ಸಾಲದು. ಅದಕ್ಕೆ ಡ್ರೈ ಐಸ್ ಬೇಕು. ಇಲ್ಲಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಮೈನಸ್ 78 ಡಿಗ್ರಿಯ ಈ ಗಟ್ಟಿ ಇಂಗಾಲದ ಡೈಆಕ್ಸೈಡನ್ನು ದಪ್ಪ ಕೈಗವಸು ಹಾಕಿಕೊಂಡೇ ಹಿಡಿಯಬೇಕು. ತುಂಡು ಮಾಡಿ ಹಾಳೆಯ ಮೇಲೆ ಹರಡಿ ಹತ್ತು ನಿಮಿಷ ಬಿಟ್ಟೆ. ಈಗ ಕೇಳುತ್ತಿದೆಯಲ್ಲ, ಚಿಟಚಿಟ ಸದ್ದು? ಹಾಳೆ ಸೆಟೆದುಕೊಂಡು ತಾನಾಗಿ ಲೋಹದಿಂದ ಬಿಡುತ್ತಿದೆ. ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ಕಡಲೆ ಮಿಠಾಯಿಯ ಹಾಗೆ ಚೂರುಚೂರು. ಮೂರೂವರೆ ಕೆ.ಜಿ.ಗೆ ಒಂದು ಮಧ್ಯಾಹ್ನ. ಲೆಕ್ಕ ಹಾಕಿದರೆ ಲಾಭದ ಕೆಲಸವಲ್ಲ, ಆದರೆ ಇಷ್ಟು ಖುಷಿ ಕೊಟ್ಟ ಕೆಲಸವೂ ಬೇರೆ ಇರಲಿಲ್ಲ. ಹೊರಗೆ ಮೈನಸ್ 12 ಇದ್ದರೂ ಗ್ಯಾರೇಜಿನ ಬಾಗಿಲು ತೆರೆದಿರುವುದನ್ನು ಗಮನಿಸಿ. ಆ ಅನಿಲ ಗಾಳಿಗಿಂತ ಭಾರ, ಕಾರಿನ ತಳದಲ್ಲೇ ತುಂಬಿಕೊಳ್ಳುತ್ತದೆ. ಅದರೊಳಗೆ ತಲೆ ತೂರಿಸಿ ಕೆಲಸ ಮಾಡಿದರೆ ಉಸಿರು ಕಟ್ಟುತ್ತದೆ. ಮನೆಗೆ ತರುವಾಗಲೂ ಕಾರಿನ ಕಿಟಕಿ ಇಳಿಸಿಯೇ ತಂದೆ.

ಎ.ಸಿ. ಒಂದೇ 18 ಕೆ.ಜಿ. ಕಂಪ್ರೆಸರ್, ಕಂಡೆನ್ಸರ್, ಕೊಳವೆಗಳು. ಬೇಸಿಗೆಯ ಸಂಜೆ ಚಾವಣಿ ತೆರೆದು ಓಡಿಸುವವನಿಗೆ ಬೇಡವೆನಿಸಿತು. ಆದರೆ ನೇರವಾಗಿ ಪಾನಾ ಹಿಡಿದು ಹೋಗುವ ಹಾಗಿಲ್ಲ. 1990ರ ಕಾರಿನಲ್ಲಿರುವುದು ಆರ್-12, ಓಜೋನ್ ಪದರವನ್ನು ತಿನ್ನುವ ಅನಿಲ. ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು, ಗಾಳಿಗೆ ಬಿಡುವುದು ಅಪರಾಧ. ಪರವಾನಗಿ ಇರುವ ಮೆಕ್ಯಾನಿಕ್ ಅದನ್ನು ಯಂತ್ರದಿಂದ ಎಳೆದುಕೊಂಡ ಮೇಲೆಯೇ ನಾನು ಬೋಲ್ಟಿಗೆ ಕೈ ಹಾಕಿದ್ದು.

ಈ ಹದಿನೆಂಟು ಕೆ.ಜಿ.ಗೆ ಇನ್ನೊಂದು ಗುಣವಿದೆ, ಅದು ಕಾರಿನ ಮೂತಿಯಲ್ಲಿತ್ತು. ಈ ಕಾರಿನ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸರಿಸಮ. ಬ್ಯಾಟರಿಯನ್ನು ಸಹ ಡಿಕ್ಕಿಯ ಬಲಮೂಲೆಯಲ್ಲಿ ಕೂರಿಸಿದ್ದಾರೆ. ಎಡಗಡೆ ಚಾಲಕ ಕೂರುವ ಈ ದೇಶದಲ್ಲಿ ಅದು ಕರ್ಣದ ಇನ್ನೊಂದು ತುದಿ. ಹಿಂದಿನಿಂದ ಸ್ಟೆಪ್ನಿ ತೆಗೆದಾಗ ಕದಲಿದ ತಕ್ಕಡಿ, ಮುಂದಿನಿಂದ ಎ.ಸಿ. ತೆಗೆದಾಗ ಮತ್ತೆ ನೆಟ್ಟಗಾಯಿತು. ಹಗುರ ಬ್ಯಾಟರಿ ಸಿಗುತ್ತದೆ, ಆದರೆ ಆ ಮೂಲೆಯ ಭಾರಕ್ಕೆ ಕೆಲಸವಿದೆ ಎಂದು ಬಿಟ್ಟೆ.

ಇನ್ನು, ಹೊಸ ಚಕ್ರ ಹಾಕಿಸು ಎಂದು ಗೆಳೆಯರೆಲ್ಲ ಹೇಳಿದರು. ಟೈರು ಕಳಚಿ ನನ್ನ ಹಳೆಯ ಏಳು ಕಡ್ಡಿಯ ಚಕ್ರವನ್ನು ತೂಗಿದೆ: ಐದೂವರೆ ಕೆ.ಜಿ. ನಾನು ಆಸೆಪಟ್ಟಿದ್ದ ಮಿರಿಮಿರಿ ಚಕ್ರ ಏಳಕ್ಕಿಂತ ಹೆಚ್ಚು. ದುಡ್ಡೂ ಕೊಟ್ಟು ಭಾರವನ್ನೂ ಕೊಳ್ಳುವುದು ಯಾವ ಊರಿನ ವ್ಯಾಪಾರ?

ಮುಟ್ಟದೆ ಬಿಟ್ಟವು ಇವು: ಸ್ಟೀರಿಂಗಿನ ಏರ್‌ಬ್ಯಾಗ್, ಬಾಗಿಲೊಳಗಿನ ಅಡ್ಡಪಟ್ಟಿ, ಬಂಪರಿನ ಹಿಂದಿನ ತೊಲೆ. ಸೀಟನ್ನೂ ಬದಲಿಸಲಿಲ್ಲ. ರೇಸಿನ ಸೀಟು ಹಾಕಿದವರು ನಾಲ್ಕು ಪಟ್ಟಿಯ ಬೆಲ್ಟು ಹಾಕುತ್ತಾರೆ. ಆ ಬೆಲ್ಟು ಮೈಯನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ಚಾವಣಿಯಿಲ್ಲದ ಕಾರು ಮಗುಚಿದರೆ, ತಲೆಯ ಮೇಲೆ ಉಕ್ಕಿನ ಕಮಾನು ಇಲ್ಲದವನು ಬಾಗಲೂ ಆಗದೆ ರಸ್ತೆಗೆ ತಲೆ ಕೊಡಬೇಕಾಗುತ್ತದೆ. ಊರಿನಿಂದ ನೋಡುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ವಾಹನದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಪಾನಾ ಎತ್ತುವ ಮುಂಚೆ ಅದನ್ನು ಓದಿಕೊಳ್ಳಿ.

ಏಪ್ರಿಲ್. ಮಳೆ ರಸ್ತೆಯ ಉಪ್ಪನ್ನು ತೊಳೆದಿದೆ. ನೋಟ್‌ಬುಕ್ಕಿನ ಮೊತ್ತ 48 ಕೆ.ಜಿ., ಕಾರಿನ ತೂಕದಲ್ಲಿ ನೂರಕ್ಕೆ ಐದು. ವೇಗ ಹಿಡಿಯುವಾಗ ಎಂಜಿನ್ನಿಗೆ ಆರು ಅಶ್ವಶಕ್ತಿ ಸೇರಿಸಿದ ಹಾಗೆ. ಆದರೆ ಎಂಜಿನ್ನಿಗೆ ಸೇರಿಸಿದ ಶಕ್ತಿ ಬ್ರೇಕ್ ಹಾಕುವಾಗ, ತಿರುವಿನಲ್ಲಿ ವಾಲುವಾಗ ಕೆಲಸಕ್ಕೆ ಬರುವುದಿಲ್ಲ. ಕಳೆದ ತೂಕ ಅಲ್ಲೂ ಬರುತ್ತದೆ. ವೇಬ್ರಿಡ್ಜಿಗೆ ಹೋಗುವ ದಾರಿಯ ಮೊದಲ ತಿರುವಿನಲ್ಲೇ ಮೂತಿ ನಾನು ನೆನೆದ ಕಡೆಗೆ ತಿರುಗಿದ್ದು ಕೈಗೆ ಗೊತ್ತಾಯಿತು.

ಅದೇ ಕಾಟಾ, ಅದೇ ತುಂಬಿದ ಟ್ಯಾಂಕು. ಚೀಟಿ: 2,240 ಪೌಂಡ್. ನೂರು ಪೌಂಡ್ ಇಳಿದಿದೆ, ಅಂದರೆ 45 ಕೆ.ಜಿ. ನೋಟ್‌ಬುಕ್ಕು ಹೇಳಿದ್ದು 48. ಉಳಿದ ಮೂರು ಎಲ್ಲಿ ಹೋಯಿತು? ಕಾಟಾದ ಹೆಜ್ಜೆಯೇ 20 ಪೌಂಡಿನದು, ಮೂರು ಕೆ.ಜಿ.ಯ ವ್ಯತ್ಯಾಸ ಅದರಲ್ಲೇ ಮುಚ್ಚಿಹೋಗುತ್ತದೆ ಎಂದು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಅದಿರಲಿ. ಚೀಲ ತೂಗಿದೆಯಾ?"

"ಯಾವ ಚೀಲ ಅಪ್ಪಾ?"

"ಒಳಗೆ ಕೂತಿರುತ್ತಲ್ಲ, ಆ ಚೀಲ."

ಬಚ್ಚಲುಮನೆಗೆ ಹೋಗಿ ಯಂತ್ರದ ಮೇಲೆ ನಿಂತೆ. 80. ಕೆಳಗಿಳಿದು, ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಬರೆದೆ: ಚೀಲ, 2 ಕೆ.ಜಿ. ಹೆಚ್ಚು.